ಚಹಾ ಯಾರಿಗೆ ಹಿತ?

ನಮ್ಮ ಧಾರವಾಡದ ಕಡೆ ಚಹಾ ಎಂದರೆ ಒಂದೇ ಚಹಾ ಆಗಿತ್ತು. ಪಾತೇಲಿಯಲ್ಲಿ ನೀರು, ಸಕ್ಕರೆ, ಪುಡಿ, ಮನಸ್ಸಿದ್ದರೆ ಒಂದು ಚೂರು ಹಸಿಶುಂಠಿ, ಕುದಿ ಬಂದ ಮೇಲೆ ಹಾಲು. ಬಣ್ಣ ಬಂತೋ ಇಲ್ಲವೋ ಎಂಬುದೊಂದೇ ಪರೀಕ್ಷೆ. ದಕ್ಷಿಣದ ಜಿಲ್ಲೆಗಳವರು ಕಾಫಿಯ ಡಿಕಾಕ್ಷನ್ನಿನ ಬಗ್ಗೆ ತಾಸುಗಟ್ಟಲೆ ಮಾತಾಡಬಲ್ಲರು. ನಾವು ಚಹಾದ ಬಗ್ಗೆ ಮಾತಾಡುತ್ತಿರಲಿಲ್ಲ, ಕುಡಿಯುತ್ತಿದ್ದೆವು. ಈಗ ಕಿರಾಣಿ ಅಂಗಡಿಯಲ್ಲಿ ಒಂದು ಇಡೀ ಸಾಲು ಚಹಾಕ್ಕೇ ಮೀಸಲು. ಗ್ರೀನ್ ಟೀ, ವೈಟ್ ಟೀ, ಊಲಾಂಗ್, ತುಳಸಿ ಟೀ, ದಾಸವಾಳದ ಟೀ. ಒಂದೊಂದು ಡಬ್ಬಿಯ ಮೇಲೂ ಒಂದೊಂದು ಭರವಸೆ. ಒಂದು ತೂಕ ಇಳಿಸುತ್ತದೆ, ಇನ್ನೊಂದು ಹೃದಯ ಕಾಯುತ್ತದೆ, ಮತ್ತೊಂದು ಮುಖಕ್ಕೆ ಕಳೆ ಕೊಡುತ್ತದೆ.

ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವಳು ಎಂಬ ಕಾರಣಕ್ಕೆ ಇಂಥ ಪ್ರಶ್ನೆಗಳೆಲ್ಲ ನನ್ನ ಹತ್ತಿರವೇ ಬರುತ್ತವೆ. “ವೈನಿ, ಯಾವ ಚಹಾ ಕುಡದ್ರ ಪ್ರಕೃತಿಗೆ ಛಲೋ?” ಎಂದು ನನ್ನ ನಾದಿನಿ ಹೋದ ವರ್ಷ ಕೇಳಿದಳು. ಪ್ರಶ್ನೆ ಸರಳ. ಉತ್ತರದ ಮೊದಲ ಅರ್ಧವೂ ಸರಳವೇ.

ಹಸಿರು, ಬಿಳಿ, ಊಲಾಂಗ್, ಕಪ್ಪು ಎಲ್ಲವೂ ಒಂದೇ ಗಿಡದ ಎಲೆ. ಎಲೆ ಕಿತ್ತ ಮೇಲೆ ಏನು ಮಾಡುತ್ತಾರೆ ಎಂಬುದರಲ್ಲಿ ವ್ಯತ್ಯಾಸ. ಹೆಚ್ಚಿದ ಬದನೆಕಾಯಿಯನ್ನು ಗಾಳಿಗೆ ಬಿಟ್ಟರೆ ಕಪ್ಪಾಗುತ್ತದಲ್ಲ, ಚಹಾದ ಎಲೆಯೂ ಹಾಗೆಯೇ. ಕಿತ್ತ ಕೂಡಲೇ ಹಬೆಯಲ್ಲೋ ಬಾಣಲೆಯಲ್ಲೋ ಬಿಸಿ ಮಾಡಿ ಆ ಕಪ್ಪಾಗುವಿಕೆಯನ್ನು ತಡೆದರೆ ಹಸಿರು ಚಹಾ. ಎಳೆಯ ಮೊಗ್ಗುಗಳನ್ನು ಬಾಡಿಸಿ ಒಣಗಿಸಿದರೆ ಬಿಳಿ. ಅರ್ಧಕ್ಕೆ ನಿಲ್ಲಿಸಿದರೆ ಊಲಾಂಗ್, ಪೂರ್ತಿ ಬಿಟ್ಟರೆ ಕಪ್ಪು. ನಮ್ಮ ಪಾತೇಲಿಗೆ ಬೀಳುವ ಕಾಳುಕಾಳು ಪುಡಿ ಕಪ್ಪು ಚಹಾದ್ದೇ ಒಂದು ಬಗೆ. ಎಲೆಯನ್ನು ಹಲ್ಲಿರುವ ಉರುಳೆಗಳ ನಡುವೆ ಜಜ್ಜಿ, ಹರಿದು, ಸುರುಳಿ ಮಾಡುವ ಈ ಯಂತ್ರ 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಬಂತು. ಕಡಿಮೆ ಪುಡಿಗೆ ಹೆಚ್ಚು ಬಣ್ಣ, ಕಡಿಮೆ ರೊಕ್ಕಕ್ಕೆ ಹೆಚ್ಚು ಕಪ್ಪುಗಳು. ತುಳಸಿ, ದಾಸವಾಳ ಇವು ಚಹಾ ಅಲ್ಲವೇ ಅಲ್ಲ. ಅವನ್ನು ನಮ್ಮ ಹಿರಿಯರು ಕಷಾಯ ಎಂದು ಕರೆಯುತ್ತಿದ್ದರು, ನೆಗಡಿಯಾದಾಗ ಬಿಟ್ಟರೆ ಯಾರೂ ಮುಟ್ಟುತ್ತಿರಲಿಲ್ಲ.

ಲಾಭಗಳ ಮಾತು ಪೂರಾ ಪೊಳ್ಳಲ್ಲ. ಜಪಾನಿನಲ್ಲಿ ನಲವತ್ತು ಸಾವಿರ ಜನರನ್ನು ಹಲವು ವರ್ಷ ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಸಿರು ಚಹಾ ಹೆಚ್ಚು ಕುಡಿಯುವವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಹೃದಯ ಮತ್ತು ರಕ್ತನಾಳದ ಕಾಯಿಲೆಯ ಸಾವು ಕಡಿಮೆ ಕಂಡಿತು. ಬ್ರಿಟನ್ನಿನಲ್ಲಿ ಸುಮಾರು ಐದು ಲಕ್ಷ ಜನರ ಲೆಕ್ಕ 2022ರಲ್ಲಿ ಬಂದಾಗ ಕಪ್ಪು ಚಹಾ ಕುಡಿಯುವವರಿಗೂ ಅಂಥದೇ ಸಣ್ಣ ಅನುಕೂಲ ಕಂಡಿತು. ಅವರಲ್ಲಿ ಬಹಳಷ್ಟು ಜನ ಹಾಲು ಹಾಕಿಕೊಂಡೇ ಕುಡಿಯುವವರು. ಹಾಗೆಂದು ಚಹಾದಿಂದಲೇ ಆಯುಷ್ಯ ಬಂತೆಂದು ಹೇಳಲಾಗದು. ನೆಮ್ಮದಿಯಿಂದ ಕೂತು ಚಹಾ ಕುಡಿಯುವವರ ಬದುಕಿನಲ್ಲಿ ಇನ್ನೂ ಹತ್ತು ಅನುಕೂಲ ಇದ್ದೀತು.

ತೊಡಕು ಇರುವುದು ಉತ್ತರದ ಎರಡನೆಯ ಅರ್ಧದಲ್ಲಿ. ಚಹಾದ ಒಗರಿಗೆ ಕಾರಣವಾದ, ಡಬ್ಬಿಯ ಮೇಲೆ ಇಷ್ಟು ಹೊಗಳಿಸಿಕೊಳ್ಳುವ ಆ ಪದಾರ್ಥಗಳೇ ಊಟದಲ್ಲಿರುವ ಕಬ್ಬಿಣದ ಅಂಶವನ್ನು ಹಿಡಿದುಕೊಂಡು ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಮಾಂಸದ ಕಬ್ಬಿಣಕ್ಕೆ ಅಷ್ಟು ತೊಂದರೆಯಿಲ್ಲ. ರೊಟ್ಟಿ, ಬೇಳೆ, ಸೊಪ್ಪಿನ ಕಬ್ಬಿಣಕ್ಕೆ ತೊಂದರೆ. 2024ರ ಮೇ ತಿಂಗಳಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೊರಡಿಸಿದ ಆಹಾರದ ಮಾರ್ಗಸೂಚಿಯಲ್ಲೂ, ಊಟಕ್ಕೆ ಕನಿಷ್ಠ ಒಂದು ತಾಸು ಮೊದಲು ಮತ್ತು ಒಂದು ತಾಸು ನಂತರದವರೆಗೆ ಚಹಾ ಕಾಫಿ ಬೇಡ ಎಂದಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ಅಂದರೆ ಯಾವ ಗುಣ ಒಬ್ಬಳಿಗೆ ಔಷಧಿಯೋ ಅದೇ ಗುಣ ಇನ್ನೊಬ್ಬಳಿಗೆ ನಷ್ಟ. ಗುಣ ಎರಡಲ್ಲ, ಕುಡಿಯುವ ದೇಹಗಳು ಎರಡು.

ಇದು ಪುಸ್ತಕದ ಮಾತಾಗಿ ಉಳಿಯದೆ ನಮ್ಮ ಹಿತ್ತಲ ಬಾಗಿಲಿಗೇ ಬಂತು. ಭಾಂಡೆ ತಿಕ್ಕಲು ಬರುವ ಹೆಣ್ಣುಮಗಳು, ವಯಸ್ಸು ನಲವತ್ತು ಇದ್ದೀತು, ಬೆಳಿಗ್ಗೆ ಆರೂವರೆಗೆ ನಮ್ಮ ಮನೆ, ಅಲ್ಲಿಂದ ಒಂದಾದ ಮೇಲೊಂದು ಇನ್ನು ಮೂರು ಮನೆ. ನಾಲ್ಕು ಮನೆಗಳಲ್ಲಿ ನಾಲ್ಕು ಚಹಾ. ಹೊಟ್ಟೆಗೆ ಅನ್ನವೋ ರೊಟ್ಟಿಯೋ ಬೀಳುವುದು ಮಧ್ಯಾಹ್ನ ಹನ್ನೆರಡೂವರೆಗೆ, ನಾಲ್ಕನೆಯ ಮನೆಯಲ್ಲಿ. ಆರೋಗ್ಯ ಶಿಬಿರದಲ್ಲಿ ಆಕೆಯ ರಕ್ತ ನೋಡಿದರು, ಹಿಮೋಗ್ಲೋಬಿನ್ 7.8. ಹನ್ನೆರಡು ಇರಬೇಕಾದದ್ದು. ಕಬ್ಬಿಣದ ಮಾತ್ರೆ ಕೊಟ್ಟು, ಚಹಾ ಬಿಡು ಎಂದರಂತೆ.

“ಚಾ ಬಿಟ್ರ ಕೈಕಾಲು ನಡುಗ್ತಾವ್ರಿ ಬಾಯಾರ. ನಾಕ್ ಮನಿ ಚಾದ ಮ್ಯಾಲ ನಾ ನಡಿಯೋದು,” ಎಂದಳು.

ಆಕೆ ಹೇಳಿದ್ದು ನಿಜ. ಸಕ್ಕರೆ, ಚಮಚೆಯಷ್ಟು ಹಾಲು, ಕೆಫೀನ್ ಸೇರಿ ಎರಡು ತಾಸು ಹಸಿವನ್ನು ಮಲಗಿಸುತ್ತವೆ. ನನ್ನ ನಾದಿನಿ ತಂದ ಡಬ್ಬಿಯ ಮೇಲೂ ‘ಹಸಿವು ಹತೋಟಿಗೆ ಬರುತ್ತದೆ’ ಎಂದಿತ್ತು. ಆಕೆ ಅದಕ್ಕೆ ರೊಕ್ಕ ಕೊಟ್ಟಿದ್ದಳು. ಈಕೆಗೆ ಅದೇ ಉಪಕಾರ ಪುಕ್ಕಟೆ ಸಿಗುತ್ತಿತ್ತು.

ಕಠೋಪನಿಷತ್ತಿನಲ್ಲಿ ಯಮ ನಚಿಕೇತನಿಗೆ ಶ್ರೇಯಸ್ಸು ಬೇರೆ, ಪ್ರೇಯಸ್ಸು ಬೇರೆ ಎಂದು ತಿಳಿಸುವುದನ್ನು ಪ್ರವಚನಗಳಲ್ಲಿ ನೀವೂ ಕೇಳಿರುತ್ತೀರಿ. ಹಿತವಾದದ್ದು ಒಂದು, ಪ್ರಿಯವಾದದ್ದು ಇನ್ನೊಂದು, ಬುದ್ಧಿವಂತ ಮೊದಲನೆಯದನ್ನು ಆರಿಸುತ್ತಾನೆ. ಕೇಳಲು ಚೆನ್ನ. ಆದರೆ ಅಲ್ಲಿ ಆರಿಸುವವನೂ ಅನುಭವಿಸುವವನೂ ಒಬ್ಬನೇ. ಇಲ್ಲಿ ಪಾತೇಲಿ ಹಿಡಿದವಳು ನಾನು, ಕುಡಿಯುವವಳು ಆಕೆ. ಇನ್ನೊಬ್ಬಳ ಹಿತವನ್ನು ಅವಳ ಪ್ರಿಯದ ವಿರುದ್ಧ ಆರಿಸುವ ಅಧಿಕಾರ ನನಗೆ ಎಲ್ಲಿಂದ ಬಂತು? ಪಗಾರ ಕೊಡುತ್ತೇನೆ ಎಂಬುದರಿಂದಲೇ? ಬೇಡುವುದನ್ನು ಕೊಟ್ಟು ಸುಮ್ಮನಿರುವುದೂ ಒಂದು ರೀತಿಯ ಅನಾದರವೇ. ತಿಳಿದವಳು ತಿಳಿದದ್ದನ್ನು ಬಚ್ಚಿಟ್ಟು ಕಪ್ಪು ತುಂಬಿದಂತೆ.

ಗಾಂಧೀಜಿ 1942ರಲ್ಲಿ ಆಗಾಖಾನ್ ಅರಮನೆಯಲ್ಲಿ ಬಂಧಿಯಾಗಿದ್ದಾಗ ಆರೋಗ್ಯದ ಬಗ್ಗೆ ಬರೆದ ಪುಟ್ಟ ಪುಸ್ತಕದಲ್ಲಿ ಚಹಾವನ್ನು ಬೇಡವೆಂದರು. ತೊಗಲನ್ನು ಹದಮಾಡುವ ಟ್ಯಾನಿನ್ ಹೊಟ್ಟೆಯೊಳಗೂ ಅಂಥದೇ ಕೆಲಸ ಮಾಡುತ್ತದೆ ಎಂಬುದು ಅವರ ವಾದ. ಅವರ ಸಂಯಮಕ್ಕೆ ನನ್ನ ನಮಸ್ಕಾರ. ಆದರೆ ತಾನೇ ಬಿಡುವುದು ವ್ರತ, ಇನ್ನೊಬ್ಬರಿಂದ ಬಿಡಿಸುವುದು ವ್ರತವಲ್ಲ. ನಮ್ಮ ಓಣಿಯ ಒಬ್ಬರು ಆಕೆಯ ರಕ್ತದ ಸುದ್ದಿ ಕೇಳಿ ಮರುದಿನದಿಂದಲೇ ಬೆಳಗಿನ ಚಹಾ ನಿಲ್ಲಿಸಿದರು. “ಆಕಿ ಛಲೋದಕ್ಕ” ಎಂದರು. ಬದಲಿಗೆ ಏನೂ ಕೊಡಲಿಲ್ಲ. ಹಾಲೂ ಉಳಿಯಿತು, ಪುಣ್ಯವೂ ಬಂತು.

ಮೇಲಾಗಿ ಆ ತೀರ್ಪು ವಿಜ್ಞಾನದ ಪ್ರಕಾರವೂ ಸರಿಯಲ್ಲ. ಬರಿಹೊಟ್ಟೆಯ ಚಹಾ ಯಾವ ಕಬ್ಬಿಣವನ್ನು ಕದಿಯಬೇಕು? ಅಲ್ಲಿ ಕದಿಯಲು ಏನೂ ಇರುವುದಿಲ್ಲ. ನಿಜವಾಗಿ ಕಳ್ಳತನ ನಡೆಯುತ್ತಿದ್ದುದು ನಾಲ್ಕನೆಯ ಮನೆಯಲ್ಲಿ. ನಾಲ್ಕರಲ್ಲಿ ಅತ್ಯಂತ ಅಂತಃಕರಣದ ಮನೆ ಅದು. ಆಕೆಯನ್ನು ಕೂರಿಸಿ ರೊಟ್ಟಿ, ಪಲ್ಯ, ಬೇಳೆ ಬಡಿಸಿ, ಊಟ ಮುಗಿಯುತ್ತಲೇ ಕಡಕ್ ಚಹಾ ಕೊಡುತ್ತಾರೆ. ಆ ಚಹಾದ ಜೊತೆಗೇ ಆಕೆ ಕಬ್ಬಿಣದ ಮಾತ್ರೆಯನ್ನೂ ನುಂಗುತ್ತಿದ್ದಳು, ನೀರಿಗಿಂತ ಚಹಾದಲ್ಲಿ ಸಲೀಸಾಗಿ ಇಳಿಯುತ್ತದೆಂದು. ಜಿಪುಣತನದ ಮನೆಯಲ್ಲಿ ಆಗದ ನಷ್ಟ ಪ್ರೀತಿಯ ಮನೆಯಲ್ಲಿ ಆಗುತ್ತಿತ್ತು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಒಳ್ಳೆಯ ಮನಸ್ಸು ಸಾಕು ಎಂದು ನಂಬಿಕೊಂಡು ಬಂದ ನಮ್ಮಂಥವರಿಗೆ ಇದು ನುಂಗಲಾರದ ತುತ್ತು.

ಚಹಾದ ಬದಲು ಬೆಳಿಗ್ಗೆ ನಾಷ್ಟಾ ಕೊಟ್ಟರಾಯಿತಲ್ಲ ಎನ್ನುವಿರಿ. ಕೊಟ್ಟೆ. ಒಗ್ಗರಣೆ ಅವಲಕ್ಕಿಯ ತಾಟು ಮುಂದಿಟ್ಟರೆ ಅದು ಚೀಲದೊಳಗೆ ಹೋಗುತ್ತಿತ್ತು. “ಹುಡುಗ್ರು ಉಣದ ನಾ ಹ್ಯಾಂಗ್ ಉಣ್ಲ್ರಿ?” ಆಗ ನನಗೆ ಚಹಾದ ಇನ್ನೊಂದು ಗುಣ ಹೊಳೆಯಿತು. ಇದು ಯಾವ ಡಬ್ಬಿಯ ಮೇಲೂ ಬರೆದಿಲ್ಲ. ಚಹಾವನ್ನು ಉಡಿಯಲ್ಲಿ ಕಟ್ಟಿಕೊಂಡು ಹೋಗಲಾಗುವುದಿಲ್ಲ. ರೊಟ್ಟಿ ಮಗನಿಗೆ, ಬಾಳೆಹಣ್ಣು ಮಗಳಿಗೆ, ಹಳೆಯ ಸೀರೆ ಅತ್ತೆಗೆ ಹೋಗುತ್ತದೆ. ಚಹಾ ಒಂದನ್ನೇ ಕೊಟ್ಟಲ್ಲಿಯೇ, ಬಿಸಿಯಿರುವಾಗಲೇ, ತಾನೇ ಕುಡಿಯಬೇಕು. ಇಡೀ ದಿನದಲ್ಲಿ ಕೇವಲ ಆಕೆಗಾಗಿ ಇದ್ದದ್ದು ಆ ಬಸಿಯಷ್ಟು ಚಹಾ ಮಾತ್ರ. ಅದನ್ನು ಕಸಿದುಕೊಂಡು ಅದಕ್ಕೆ ಆರೋಗ್ಯದ ಹೆಸರಿಡುವುದು ನನ್ನಿಂದಾಗದು ಎಂದು ಅಂದೇ ನಿಶ್ಚಯಿಸಿದೆ.

ನಮ್ಮ ಅಡುಗೆಮನೆಯಲ್ಲಿ ಮಾಡಿದ ಏರ್ಪಾಡು ಹೀಗೆ. ಬಂದ ಕೂಡಲೇ ಆರೂವರೆಗೆ ಚಹಾ, ಮೊದಲಿನಷ್ಟೇ ಕಡಕ್. ಭಾಂಡೆ, ಕಸ, ಅರಿವೆ ಮುಗಿದು ಹೊರಡುವಾಗ, ಅಂದರೆ ಒಂದು ತಾಸು ದಾಟಿದ ಮೇಲೆ, ಅವಲಕ್ಕಿಯೋ ರೊಟ್ಟಿಯೋ, ಮೇಲೆ ಲಿಂಬೆಹಣ್ಣಿನ ರಸ. ಲಿಂಬೆಯ ಹುಳಿ ಕಬ್ಬಿಣವನ್ನು ರಕ್ತಕ್ಕೆ ಸೇರಿಸಲು ನೆರವಾಗುತ್ತದೆ. ಹುಡುಗರ ಪಾಲನ್ನು ಮೊದಲೇ ಡಬ್ಬಿಗೆ ತುಂಬಿ ಆಕೆಯ ಕಣ್ಣಿಗೆ ಬೀಳುವಂತೆ ಕಟ್ಟೆಯ ಮೇಲೆ ಇಟ್ಟೆ. ಆ ಡಬ್ಬಿ ಇಟ್ಟ ದಿನವೇ ಆಕೆ ಮೊದಲ ಸಲ ಕೂತು ತಿಂದಳು. ಚಹಾ ಯಾಕೆ ಆಗ, ರೊಟ್ಟಿ ಯಾಕೆ ಈಗ ಎಂಬುದನ್ನು ಎಂಟನೆಯ ಇಯತ್ತೆಯ ಹುಡುಗಿಯರಿಗೆ ಹೇಳುತ್ತಿದ್ದಂತೆಯೇ ಹೇಳಿದೆ. ಶಾಲೆಯ ಮೆಟ್ಟಿಲು ಹತ್ತದವಳು, ಬೇಗ ತಿಳಿದುಕೊಂಡಳು. ನಾಲ್ಕನೆಯ ಮನೆಯಲ್ಲಿ ತಾನೇ ಮಾತಾಡಿ, ಹೋದ ಕೂಡಲೇ ಚಹಾ ಕುಡಿದು, ಕೆಲಸ ಮುಗಿಸಿ ಊಟ ಮಾಡುವಂತೆ ಬದಲಾಯಿಸಿಕೊಂಡಳು. ನಾನು ಹೋಗಿ ಆ ಮನೆಯವರಿಗೆ ಬುದ್ಧಿ ಹೇಳುವ ಪ್ರಸಂಗವೇ ಬರಲಿಲ್ಲ. ಮಾತ್ರೆ ಈಗ ರಾತ್ರಿ, ಲಿಂಬೆಹಣ್ಣಿನ ನೀರಿನ ಜೊತೆ.

ಇಷ್ಟಾದರೂ ಚಹಾ ಒಂದರ ತಲೆಗೆ ಎಲ್ಲವನ್ನೂ ಕಟ್ಟುವುದು ತಪ್ಪು. ತಿಂಗಳ ಸ್ರಾವ ಹೆಚ್ಚಿದ್ದರೆ, ಹೊಟ್ಟೆಯಲ್ಲಿ ಜಂತುಹುಳ ಇದ್ದರೆ, ಮುಖ್ಯವಾಗಿ ಊಟವೇ ಕಡಿಮೆ ಇದ್ದರೆ ರಕ್ತ ಎಲ್ಲಿಂದ ಬರಬೇಕು? ನಮ್ಮ ಮಹಿಳಾ ಮಂಡಳದಲ್ಲಿ ಈ ಮಾತು ತೆಗೆದಾಗ ಒಬ್ಬರು, “ಪಗಾರದ ಮ್ಯಾಲ ಚಾನೂ ಕೊಡ್ತೀವಲ್ರಿ” ಎಂದರು. ಚಹಾ ಪಗಾರದ ಭಾಗವಲ್ಲ ಎಂದು ನಾನು ಸ್ವಲ್ಪ ದನಿ ಏರಿಸಿಯೇ ಹೇಳಿದೆ. ಒಂದು ಕಪ್ಪಿಗೆ ಬೀಳುವ ಖರ್ಚನ್ನು ತಿಂಗಳಿಗೆ ಲೆಕ್ಕಹಾಕಿ ಉಪಕಾರದ ಖಾತೆಗೆ ಬರೆಯುವವರು, ಆಕೆಯ ಮಕ್ಕಳ ಬೆಳಗಿನ ಊಟಕ್ಕೆ ಸಾಲುವಷ್ಟು ಪಗಾರ ಕೊಡುತ್ತಿದ್ದೇವೆಯೇ ಎಂಬ ಲೆಕ್ಕವನ್ನೂ ಅದೇ ಹಾಳೆಯ ಮೇಲೆ ಹಾಕಬೇಕು. ಮಕ್ಕಳು ಉಂಡಿದ್ದರೆ ನಮ್ಮ ಡಬ್ಬಿಯ ಉಪಾಯದ ಅಗತ್ಯವಾದರೂ ಏನಿತ್ತು? ಸಭೆಯಲ್ಲಿ ಕೆಲವರು ಪಗಾರ ಏರಿಸಲು ಒಪ್ಪಿದರು, ಕೆಲವರು ಸುಮ್ಮನೆ ಚಹಾ ಕುಡಿದು ಎದ್ದು ಹೋದರು.

ನಾದಿನಿಗೆ, ನಿನಗೆ ಸೇರುವ ಯಾವ ಚಹಾವನ್ನಾದರೂ ಕುಡಿ, ಊಟದಿಂದ ಒಂದು ತಾಸು ದೂರವಿಡು ಎಂದು ಹೇಳಿದೆ. ಹಸಿರು ಚಹಾದ ಸಾರವನ್ನು ಗಟ್ಟಿಮಾಡಿ ತುಂಬಿದ ಮಾತ್ರೆಗಳ ಸುದ್ದಿಗೆ ಹೋಗಬೇಡ, ಅವು ಅತಿಯಾದರೆ ಯಕೃತ್ತಿಗೆ ಪೆಟ್ಟು ಎಂದು 2018ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯೇ ಎಚ್ಚರಿಸಿದೆ ಎಂದೂ ಹೇಳಿದೆ. ಆಕೆ ಗ್ರೀನ್ ಟೀಗೆ ಎರಡು ಚಮಚ ಸಕ್ಕರೆ ಹಾಕಿಕೊಂಡು ಕುಡಿಯುತ್ತಿದ್ದಾಳೆ, ಕಹಿಯಂತೆ.

ನಮ್ಮ ಮನೆಗೆ ಬರುವಾಕೆಯ ಹಿಮೋಗ್ಲೋಬಿನ್ ಮೂರು ತಿಂಗಳ ನಂತರ 9.6 ಬಂತು. ಮಾತ್ರೆ ಇನ್ನೂ ನಡೆದಿದೆ, ಮುಂದಿನ ಪರೀಕ್ಷೆ ಬಾಕಿಯಿದೆ. ದಿನಕ್ಕೆ ನಾಲ್ಕು ಕಪ್ಪಿನಲ್ಲಿ ಮೂರು ಉಳಿದಿವೆ. ಓಣಿಯವರು ನಿಲ್ಲಿಸಿದ ನಾಲ್ಕನೆಯದನ್ನು ಮತ್ತೆ ಕೊಡಿರೆಂದು ಆಕೆ ಕೇಳಿಲ್ಲ. ಆ ಮನೆಯ ಕೆಲಸ ಬಿಟ್ಟು ಬೇರೆ ಮನೆ ಹಿಡಿದಿದ್ದಾಳೆ.