ಶಾದಿಯಾ: ಕೀರ್ತಿಯ ಶಿಖರದಿಂದ ಮನೆಯ ಮೌನಕ್ಕೆ



ಕೈಯಲ್ಲಿರುವ ಹಣವನ್ನು ಬಿಡುವುದು ಕಷ್ಟ. ಅಧಿಕಾರವನ್ನು ಬಿಡುವುದು ಇನ್ನೂ ಕಷ್ಟ. ಆದರೆ ಒಮ್ಮೆ ಹೊಗಳಿಕೆಯ ರುಚಿ ಕಂಡ ಮನಸ್ಸಿಗೆ ಅದನ್ನು ಬಿಡುವುದು ಎಲ್ಲಕ್ಕಿಂತ ಕಷ್ಟ. ಹೋದಲ್ಲೆಲ್ಲ ಜನ ಸುತ್ತುವರಿಯುತ್ತಾರೆ, ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ, ಹೆಸರು ಕೇಳಿದೊಡನೆ ಚಪ್ಪಾಳೆ ಬೀಳುತ್ತದೆ. ಇಂತಹ ಬದುಕನ್ನು ನಾಲ್ಕು ದಶಕಗಳ ಕಾಲ ಕಂಡ ಒಬ್ಬ ಮಹಿಳೆ ಒಂದು ದಿನ ಎಲ್ಲವನ್ನೂ ಬಿಟ್ಟು ಮನೆ ಸೇರಿದರು. ಅನಂತರ ಮೂವತ್ತು ವರ್ಷಗಳಷ್ಟು ದೀರ್ಘಕಾಲ ಬದುಕಿದ್ದರೂ ಮತ್ತೆ ಆ ಕಡೆ ತಿರುಗಿ ನೋಡಲಿಲ್ಲ. ಈಜಿಪ್ಟಿನ ಚಿತ್ರನಟಿ ಹಾಗೂ ಗಾಯಕಿ ಶಾದಿಯಾರ ಈ ಬದುಕಿನಲ್ಲಿ ನಮಗೆಲ್ಲ ಪಾಠವಿದೆ. ಆ ಪಾಠ ಚಿತ್ರರಂಗದವರಿಗಿಂತ ಹೆಚ್ಚಾಗಿ ನಮ್ಮಂತಹ ಸಾಮಾನ್ಯರಿಗೇ ಅನ್ವಯಿಸುತ್ತದೆ.

ಅವರ ನಿಜನಾಮ ಫಾತಿಮಾ ಅಹ್ಮದ್ ಕಮಾಲ್ ಶಾಕಿರ್. ಕೈರೋದಲ್ಲಿ ಹುಟ್ಟಿದ ಅವರು 1947ರಲ್ಲಿ, ಹದಿಹರೆಯ ಕಳೆಯುವ ಮೊದಲೇ ಚಿತ್ರರಂಗಕ್ಕೆ ಬಂದರು. ಇಂಪಾದ ಕಂಠ, ತುಂಟ ನಗು, ಲವಲವಿಕೆಯ ಮಾತು. ಕೆಲವೇ ವರ್ಷಗಳಲ್ಲಿ ಅರಬ್ ಜಗತ್ತು ಅವರನ್ನು ಚಿತ್ರರಂಗದ ಮುದ್ದಿನ ಹುಡುಗಿ ಎಂದು ಕರೆಯತೊಡಗಿತು. ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಅವರು ನಟಿಸಿದರು. 1959ರ 'ಅಪರಿಚಿತ ಸ್ತ್ರೀ' ಎಂಬ ಚಿತ್ರದಲ್ಲಿ, ಇನ್ನೂ ಮೂವತ್ತು ತುಂಬದ ಪ್ರಾಯದಲ್ಲಿ, ಮಗನನ್ನು ಕಳೆದುಕೊಂಡ ವೃದ್ಧ ತಾಯಿಯಾಗಿ ಕಾಣಿಸಿಕೊಂಡರು. 1988ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ನಜೀಬ್ ಮಹ್ಫೂಝ್‌ರ ಹಲವು ಕಾದಂಬರಿಗಳು ಚಿತ್ರಗಳಾದಾಗಲೂ ಅವರೇ ನಾಯಕಿ. ದೇಶಪ್ರೇಮದ ಅವರ ಹಾಡು 2011ರಲ್ಲಿ ತಹ್ರೀರ್ ಚೌಕದಲ್ಲಿ ಸೇರಿದ್ದ ಯುವಕರ ಬಾಯಲ್ಲೂ ಇತ್ತು.

ಹೊರಗೆ ಇಷ್ಟೆಲ್ಲ ಬೆಳಕು ಇದ್ದರೂ ಒಳಗಿನ ಬದುಕು ಬೇರೆಯೇ ಆಗಿತ್ತು. ಮೂರು ವಿವಾಹಗಳೂ ವಿಚ್ಛೇದನದಲ್ಲಿ ಕೊನೆಗೊಂಡವು. ತೆರೆಯ ಮೇಲೆ ತಾಯಿಯಾಗಿ ಲಕ್ಷಾಂತರ ಜನರನ್ನು ಅಳಿಸಿದ ಆಕೆಗೆ ಸಂತಾನ ಭಾಗ್ಯವಿರಲಿಲ್ಲ. ಕೋಟಿ ಜನರು ಪ್ರೀತಿಸಿದರೂ ಮನುಷ್ಯನ ಎದೆಯಲ್ಲಿ ಖಾಲಿ ಉಳಿಯುವ ಒಂದು ಜಾಗವಿದೆ. ಹೃದಯಗಳಿಗೆ ನೆಮ್ಮದಿ ದೊರೆಯುವುದು ಅಲ್ಲಾಹನ ಸ್ಮರಣೆಯಿಂದಲೇ ಎಂದು ಪವಿತ್ರ ಕುರ್‌ಆನ್ ತಿಳಿಸಿರುವುದು (ಅರ್‍ರಅದ್: 28) ಆ ಜಾಗದ ಕುರಿತಾಗಿಯೇ.

ಅವರ ಚಿತ್ರಗಳ ಪೈಕಿ ಒಂದನ್ನು ಇಲ್ಲಿ ವಿಶೇಷವಾಗಿ ನೆನಪಿಸಬೇಕು. 1969ರಲ್ಲಿ ಬಂದ ಆ ಚಿತ್ರದ ಹೆಸರಿನ ಅರ್ಥ 'ಒಂದಿಷ್ಟು ಭಯ' ಎಂದು. ಒಂದು ಹಳ್ಳಿ, ಅಲ್ಲೊಬ್ಬ ದಬ್ಬಾಳಿಕೆಗಾರ. ಹೊಲಗಳಿಗೆ ಹೋಗುವ ನೀರನ್ನೇ ಆತ ತಡೆದಿದ್ದಾನೆ. ಎಲ್ಲರೂ ನಡುಗುತ್ತಿರುವಾಗ ಫುಆದಾ ಎಂಬ ಹೆಣ್ಣು ಹೋಗಿ ಕಾಲುವೆಯ ಬಾಗಿಲು ತೆರೆಯುತ್ತಾಳೆ. ಆತ ಅವಳನ್ನು ಮದುವೆಯಾಗಲು ಹೊರಡುತ್ತಾನೆ. ಅವಳು ಒಪ್ಪುವುದಿಲ್ಲ. ಆದರೆ ಹೆದರಿದ ತಂದೆ ಮಗಳು ಒಪ್ಪಿದ್ದಾಳೆಂದು ಸುಳ್ಳು ಹೇಳುತ್ತಾನೆ. ಆಗ ಊರಿನ ಶೇಖ್ ಒಬ್ಬರು ಧೈರ್ಯದಿಂದ, ಹೆಣ್ಣಿನ ಸಮ್ಮತಿಯಿಲ್ಲದ ಈ ನಿಕಾಹ್ ಅಸಿಂಧು ಎಂದು ಸಾರುತ್ತಾರೆ. ಕೊನೆಗೆ ಇಡೀ ಊರೇ ಅದೇ ಮಾತನ್ನು ಕೂಗುತ್ತಾ ಹೊರಡುತ್ತದೆ. ಫುಆದಾಳ ಪಾತ್ರ ಮಾಡಿದವರು ಶಾದಿಯಾ. ಭಯ ಬಿಟ್ಟು ಬಾಗಿಲು ತೆರೆಯುವ ಅಭಿನಯ ಅಂದು ಕ್ಯಾಮರಾದ ಮುಂದೆ ನಡೆಯಿತು. ಸುಮಾರು ಹದಿನೈದು ವರ್ಷಗಳ ನಂತರ ಅದನ್ನೇ ಅವರು ತನ್ನ ಸ್ವಂತ ಬದುಕಿನಲ್ಲಿ ಮಾಡಬೇಕಾಯಿತು. ಅಲ್ಲಿ ನಿರ್ದೇಶಕನಿರಲಿಲ್ಲ, ಚಪ್ಪಾಳೆಯೂ ಇರಲಿಲ್ಲ.

1984ರಲ್ಲಿ ಅವರ ಕೊನೆಯ ಚಿತ್ರ ತೆರೆ ಕಂಡಿತು. 1986ರಲ್ಲಿ ಒಂದು ಧಾರ್ಮಿಕ ಗೀತೆ ಹಾಡಿದರು. ಅದೇ ಅವರ ಕೊನೆಯ ಹಾಡು. ಪ್ರಸಿದ್ಧ ವಿದ್ವಾಂಸರಾದ ಶೇಖ್ ಮುಹಮ್ಮದ್ ಮುತವಲ್ಲೀ ಶಅರಾವಿಯವರ ಸಲಹೆಯನ್ನೂ ಅವರು ಪಡೆದಿದ್ದರು. ಬಳಿಕ ಹಿಜಾಬ್ ಧರಿಸಿ, ಅಭಿನಯ ಮತ್ತು ಗಾಯನ ಎರಡಕ್ಕೂ ವಿದಾಯ ಹೇಳಿದರು.

ಆ ಕಾಲದಲ್ಲಿ ಈ ಹಾದಿ ಹಿಡಿದವರು ಅವರೊಬ್ಬರೇ ಅಲ್ಲ. ಶಮ್ಸ್ ಅಲ್‌ಬಾರೂದಿ 1980ರ ದಶಕದ ಆರಂಭದಲ್ಲಿ, ಯೌವನ ಮತ್ತು ಬೇಡಿಕೆ ಎರಡೂ ಇದ್ದಾಗಲೇ, ಉಮ್ರಾ ಯಾತ್ರೆಯ ಬಳಿಕ ಚಿತ್ರರಂಗ ತೊರೆದಿದ್ದರು. 1990ರ ದಶಕದಲ್ಲಿ ಇನ್ನೂ ಹಲವರು ಹೊರಬಂದರು. ಅವರಲ್ಲಿ ಸುಹೈರ್ ರಮ್ಝಿಯಂತಹ ಕೆಲವರು ವರ್ಷಗಳ ನಂತರ ತಲೆವಸ್ತ್ರದೊಂದಿಗೇ ಕಿರುತೆರೆಗೆ ಮರಳಿದ್ದೂ ಉಂಟು. ಒಬ್ಬೊಬ್ಬರ ದಾರಿ ಒಂದೊಂದು. ಅವರವರ ಲೆಕ್ಕ ಅಲ್ಲಾಹನ ಬಳಿ ಇದೆ.

ಈ ಮಹಿಳೆಯರ ವಿಷಯದಲ್ಲಿ ಜನರು ಎರಡು ಬಗೆಯಲ್ಲಿ ವರ್ತಿಸಿದರು. ಎರಡರಲ್ಲೂ ನಮ್ಮ ಮುಖವಿದೆ.

ಮೊದಲನೆಯದು ಸಂಶಯ. ಶ್ರೀಮಂತ ರಾಷ್ಟ್ರಗಳಿಂದ ಹಣ ಬಂದಿರಬೇಕು, ಅದಕ್ಕೇ ಹಿಜಾಬ್ ಧರಿಸಿದ್ದಾರೆ ಎಂದು ಕೆಲವು ಪತ್ರಿಕೆಗಳು ಬರೆದವು. ಪ್ರಾಯ ಮೀರಿತು, ಅವಕಾಶ ಕಡಿಮೆಯಾಯಿತು, ಈಗ ಧರ್ಮ ನೆನಪಾಯಿತು ಎಂದು ಕೊಂಕು ನುಡಿದವರೂ ಇದ್ದರು. ಆದರೆ ಶಾದಿಯಾರಿಗೆ ಅವಕಾಶದ ಕೊರತೆ ಇರಲಿಲ್ಲ. ಬದುಕಿನಲ್ಲಿ ಒಂದೇ ಒಂದು ಬಾರಿ, 1980ರ ದಶಕದ ಆರಂಭದಲ್ಲಿ, ಅವರು ರಂಗನಾಟಕದಲ್ಲಿ ನಟಿಸಿದ್ದರು. ಅದು ಅಪಾರ ಜನಪ್ರಿಯತೆ ಗಳಿಸಿತ್ತು. ಇನ್ನು ಪ್ರಾಯದ ಮಾತು. ಐವತ್ತರ ಪ್ರಾಯದಲ್ಲಿ ಮರಳಿದವರ ತೌಬಾ ಸ್ವೀಕಾರಾರ್ಹವಲ್ಲವೆಂದು ಯಾವ ಗ್ರಂಥದಲ್ಲಿದೆ? ಪ್ರಾಣ ಗಂಟಲಿಗೆ ಬರುವ ತನಕ ದಾಸನ ಪಶ್ಚಾತ್ತಾಪವನ್ನು ಅಲ್ಲಾಹನು ಸ್ವೀಕರಿಸುವನೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಒಡೆಯನು ತೆರೆದಿಟ್ಟ ಬಾಗಿಲಲ್ಲಿ ಕಾವಲು ನಿಂತು ವಯಸ್ಸು ಕೇಳಲು ನಾವು ಯಾರು? ಹೆಚ್ಚಿನ ಸಂಶಯಗಳಿಂದ ದೂರವಿರಬೇಕು, ಪರರ ಗುಟ್ಟುಗಳನ್ನು ಕೆದಕಬಾರದು ಎಂದು ಅಲ್‌ಹುಜುರಾತ್ ಅಧ್ಯಾಯ ನಮಗೆ ಆಜ್ಞಾಪಿಸಿದೆ.

ಎರಡನೆಯದು ಸಂಭ್ರಮ. ಮೇಲ್ನೋಟಕ್ಕೆ ಇದು ಒಳ್ಳೆಯದೆಂದೇ ತೋರುತ್ತದೆ. ಆದರೆ ಇದರಲ್ಲೂ ಅಪಾಯವಿದೆ. ಖ್ಯಾತರೊಬ್ಬರು ಮರಳಿ ಬಂದರೆಂದರೆ ನಾವು ಅವರನ್ನು ವೇದಿಕೆ ಹತ್ತಿಸುತ್ತೇವೆ. ಹಿಂದೆ ಹೇಗಿದ್ದಿರಿ, ಏನೇನು ಮಾಡಿದಿರಿ ಎಂದು ಕುತೂಹಲದಿಂದ ಕೇಳುತ್ತೇವೆ. ಹಳೆಯ ಭಾವಚಿತ್ರವನ್ನೂ ಹೊಸ ಭಾವಚಿತ್ರವನ್ನೂ ಅಕ್ಕಪಕ್ಕ ಇಟ್ಟು ಹಂಚುತ್ತೇವೆ. ಆಕೆ ಮುಚ್ಚಿಕೊಳ್ಳಬಯಸಿದ್ದನ್ನೇ ಆಕೆಯ ಹೊಗಳಿಕೆಯ ನೆಪದಲ್ಲಿ ನಾವು ತೆರೆದಿಡುತ್ತೇವೆ! ಒಬ್ಬ ಮುಸ್ಲಿಮನ ಕುಂದನ್ನು ಮರೆಮಾಚಿದವನ ಕುಂದನ್ನು ಅಂತ್ಯದಿನದಂದು ಅಲ್ಲಾಹನು ಮರೆಮಾಚುವನೆಂಬ ಪ್ರವಾದಿ ವಚನ ನಮಗೆ ಗೊತ್ತಿದೆ. ರಾತ್ರಿ ಮಾಡಿದ ಪಾಪವನ್ನು ಅಲ್ಲಾಹನು ಮುಚ್ಚಿದ್ದರೂ ಹಗಲಾದಾಗ ತಾನೇ ಸಾರುತ್ತಾ ಹೋಗುವವನ ಕುರಿತು ಹದೀಸ್‌ನಲ್ಲಿರುವ ಎಚ್ಚರಿಕೆಯೂ ಗೊತ್ತಿದೆ. ಹಾಗಿರುವಾಗ ಇನ್ನೊಬ್ಬರ ಹಳೆಯ ಪುಟಗಳನ್ನು ನಾವೇ ತಿರುವಿ ಹಾಕುವುದು ಯಾವ ಪುಣ್ಯ?

ಶಾದಿಯಾ ಈ ಎರಡಕ್ಕೂ ಕೊಟ್ಟ ಉತ್ತರ ಮೌನ. ಬಣ್ಣದ ಬದುಕನ್ನು ಬಿಟ್ಟ ಬಳಿಕ ಸಾರ್ವಜನಿಕವಾಗಿ ಅವರು ಕಾಣಿಸಿಕೊಂಡದ್ದೇ ವಿರಳ. ಹಳೆಯ ಖ್ಯಾತಿಯನ್ನು ಬಿಟ್ಟವರಿಗೆ, ಧರ್ಮದ ಹೆಸರಿನಲ್ಲಿ ಹೊಸ ಖ್ಯಾತಿಯೊಂದು ಸುಲಭವಾಗಿ ಸಿಗುತ್ತಿತ್ತು. ಅವರು ಅದನ್ನೂ ಅರಸಲಿಲ್ಲ. ನಿಜವಾಗಿ ನೋಡಿದರೆ ಮೊದಲನೆಯ ತ್ಯಾಗಕ್ಕಿಂತ ಈ ಎರಡನೆಯ ತ್ಯಾಗವೇ ದೊಡ್ಡದು. ಒಂದು ದಿನದ ಆವೇಶದಲ್ಲಿ ಬಿಟ್ಟುಬಿಡಬಹುದು. ಮೂವತ್ತು ವರ್ಷ ಬಿಟ್ಟೇ ಇರುವುದಕ್ಕೆ ಆವೇಶ ಸಾಲದು, ಈಮಾನ್ ಬೇಕು.

2017ರ ನವೆಂಬರಿನಲ್ಲಿ ಕೈರೋ ಅಂತಾರಾಷ್ಟ್ರೀಯ ಚಿತ್ರೋತ್ಸವದ 39ನೆಯ ವರ್ಷದ ಸಮಾರಂಭವನ್ನು ಅವರ ಹೆಸರಿಗೆ ಅರ್ಪಿಸಲಾಗಿತ್ತು. ಅಲ್ಲಿ ದೀಪಗಳು ಬೆಳಗುತ್ತಿದ್ದಾಗ ಅವರು ಆಸ್ಪತ್ರೆಯಲ್ಲಿ ಮಲಗಿದ್ದರು. ಉತ್ಸವ ಮುಗಿಯುವ ಮೊದಲೇ, ನವೆಂಬರ್ 28ರಂದು ಅವರು ಇಹಲೋಕ ತ್ಯಜಿಸಿದರು. ಮರುದಿನ ಸಯ್ಯಿದಾ ನಫೀಸಾ ಮಸೀದಿಯಲ್ಲಿ ಜನಾಝ ನಮಾಝ್ ನಡೆಯಿತು. ಅಲ್ಲಿ ಸಾಲುಗಟ್ಟಿ ನಿಂತವರು ಮಯ್ಯಿತ್‌ಗಾಗಿ ಬೇಡಿದ್ದು ಕ್ಷಮೆಯೊಂದನ್ನೇ. ನಮಗೂ ಆ ದಿನ ಬೇಕಾಗುವುದು ಅದೊಂದೇ. ಕರ್ಮಗಳ ನಿರ್ಣಯವು ಅವುಗಳ ಅಂತ್ಯದಿಂದ ಎಂಬುದು ಪ್ರವಾದಿವರ್ಯರ(ಸ) ಬೋಧನೆ.

ಸಹೋದರ ಸಹೋದರಿಯರೇ, ಈಗ ಕೈರೋದಿಂದ ನಮ್ಮ ಮನೆಯಂಗಳಕ್ಕೆ ಬರೋಣ. ದೂರದ ನಟಿಯೊಬ್ಬಳ ತೌಬಾದ ಕಥೆ ಕೇಳಿ ನಮ್ಮ ಕಣ್ಣು ತುಂಬುತ್ತದೆ. ಆದರೆ ನಮ್ಮದೇ ಕುಟುಂಬದಲ್ಲಿ ದಾರಿ ತಪ್ಪಿ ಮರಳಿ ಬಂದ ಮಗನಿದ್ದಾನೆ. ಕುಡಿತ ಬಿಟ್ಟು ಮಸೀದಿಯ ಕೊನೆಯ ಸಾಲಿನಲ್ಲಿ ನಾಚಿಕೊಂಡು ನಿಲ್ಲುವ ನೆರೆಯವನಿದ್ದಾನೆ. ಒಮ್ಮೆ ಎಡವಿ, ಈಗ ತಲೆತಗ್ಗಿಸಿ ಬದುಕುತ್ತಿರುವ ಹೆಣ್ಣುಮಗಳಿದ್ದಾಳೆ. ಅವಳಿಗೊಂದು ಸಂಬಂಧ ಕೂಡಿಬಂದರೆ, ಹಳೆಯ ವಿಷಯವನ್ನು ಗಂಡಿನ ಮನೆಗೆ ಮುಟ್ಟಿಸಲು ಓಡುವವರು ಯಾರು? ಮದುವೆ ಮನೆಯಲ್ಲಿ ಅವಳು ಹಾದುಹೋದಾಗ ಕಿವಿಯಲ್ಲಿ ಪಿಸುಗುಟ್ಟುವವರು ಯಾರು? ನಟಿಗೆ ಕೊಟ್ಟ ಮೆಚ್ಚುಗೆಯ ನೂರರಲ್ಲೊಂದು ಪಾಲನ್ನಾದರೂ ಈ ಮಕ್ಕಳಿಗೆ ಕೊಡಬಾರದೇ?

ಫುಝೈಲ್ ಬಿನ್ ಇಯಾಝ್ ಒಂದು ಕಾಲದಲ್ಲಿ ದಾರಿಹೋಕರನ್ನು ದೋಚುತ್ತಿದ್ದವರೆಂದು ಚರಿತ್ರೆ ಹೇಳುತ್ತದೆ. ಆದರೆ ಸಮುದಾಯ ಅವರನ್ನು ಭಕ್ತರೂ ವಿದ್ವಾಂಸರೂ ಆಗಿ ಗೌರವಿಸಿತು. ಅವರು ಮರಳಿ ಬಂದಾಗ ನಮ್ಮಂತಹವರೇ ಬಾಗಿಲಲ್ಲಿ ನಿಂತಿದ್ದರೆ, ಆ ಜ್ಞಾನದ ದೀಪ ಬೆಳಗುತ್ತಿತ್ತೇ? ಪಶ್ಚಾತ್ತಾಪಪಟ್ಟು ಸತ್ಕರ್ಮವೆಸಗಿದವರ ಪಾಪಗಳನ್ನು ಪುಣ್ಯಗಳಾಗಿ ಬದಲಾಯಿಸುವೆನೆಂದು ಅಲ್ಲಾಹನೇ ಶುಭವಾರ್ತೆ ನೀಡಿರುವಾಗ (ಅಲ್‌ಫುರ್ಕಾನ್: 70), ಅವನು ಅಳಿಸಿದ್ದನ್ನು ಮತ್ತೆ ಬರೆಯುವ ಲೇಖನಿ ನಮ್ಮ ಕೈಯಲ್ಲಿರದಿರಲಿ.

ಅಲ್ಲಾಹನು ಆ ಸಹೋದರಿಯ ಕುಂದುಗಳನ್ನು ಮನ್ನಿಸಲಿ. ಮರಳಿ ಬರುವವರಿಗೆ ನಮ್ಮ ಮನೆಗಳ ಬಾಗಿಲನ್ನೂ ಮನಸ್ಸಿನ ಬಾಗಿಲನ್ನೂ ತೆರೆದಿಡುವ ಸೌಭಾಗ್ಯವನ್ನು ನಮಗೆ ಕರುಣಿಸಲಿ. ನಮ್ಮೆಲ್ಲರ ಅಂತ್ಯವನ್ನು ಶುಭಕರವಾಗಿಸಲಿ. ಆಮೀನ್.