ಅಂಗವಿಕಲ ತರುಣರೂ ದ್ರವ್ಯಸಹಾಯವೂ

ತಿಳವಳ್ಳಿಯಿಂದ ದಕ್ಷಿಣಕ್ಕೆ ಕೆಲವು ಹರದಾರಿ ದೂರದಲ್ಲಿರುವ ಬಳ್ಳಿಗಾವೆಯ ಕೋಡಿಯಮಠವು ಹನ್ನೆರಡನೆಯ ಶತಮಾನದಲ್ಲಿ ವಿದ್ಯೆಗೂ ಅನ್ನದಾನಕ್ಕೂ ಹೆಸರಾಗಿದ್ದಿತು. 1162ರ ಶಾಸನವೊಂದು ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿದ್ದುದನ್ನು ಹೇಳಿ, ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಅನ್ನ ಪಡೆಯುತ್ತಿದ್ದುದನ್ನೂ ಹೇಳುತ್ತದೆ. ಈ ಔದಾರ್ಯವು ಯಾವ ಕಾಲಕ್ಕೂ ಭೂಷಣವೇ ಸರಿ. ಆದರೆ ಅಂಗವಿಕಲರ ಹೆಸರು ಬರುವುದು ಅನ್ನದ ಸಾಲಿನಲ್ಲಿ, ಪಾಠದ ಸಾಲಿನಲ್ಲಲ್ಲ. ಅಂಥವರಿಗೆ ಸಮಾಜವು ಕೊಡಬೇಕಾದುದು ಹೊಟ್ಟೆಗಷ್ಟೇ ಎಂಬ ಭಾವನೆಯು ಅಷ್ಟು ಹಳೆಯದು, ಮತ್ತು ಇನ್ನೂ ಅಳಿದಿಲ್ಲ.

ಇದನ್ನು ಮೀರಿದ ಕಾರ್ಯವೊಂದು ಇದೇ ಹಾನಗಲ್ಲ ತಾಲೂಕಿನಲ್ಲಿಯೇ ಮೊದಲಾಯಿತೆಂಬುದು ಸ್ಮರಣೀಯವಾಗಿದೆ. ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಗದಿಗೆಯ್ಯನೂ ಅವನ ಅಣ್ಣನೂ ಕುರುಡರು. ಹಾನಗಲ್ಲ ಕುಮಾರಸ್ವಾಮಿಗಳು ಆ ಬಾಲಕರ ಕಂಠವನ್ನು ಕೇಳಿ ಮೆಚ್ಚಿದರು. ಮೆಚ್ಚಿ ಒಂದು ಹೊತ್ತಿನ ಪ್ರಸಾದ ಕೊಟ್ಟು ಕಳಿಸಿದ್ದರೆ ಅದೂ ಪುಣ್ಯವೆನಿಸುತ್ತಿತ್ತು. ಅವರು ಮಾಡಿದ್ದು ಬೇರೆ: ಗುರುಗಳನ್ನು ಹುಡುಕಿ, ಅನೇಕ ವರ್ಷಗಳ ಶಿಕ್ಷಣದ ಭಾರವನ್ನು ಹೊತ್ತರು. ಆ ಬಾಲಕನೇ ಪಂಚಾಕ್ಷರ ಗವಾಯಿಗಳು. ಅವರ ಕೈಯಲ್ಲಿ ಬೆಳೆದ ಪುಟ್ಟರಾಜ ಗವಾಯಿಗಳು ಅದೇ ತಾಲೂಕಿನ ದೇವಗಿರಿಯವರು, ಬಾಲ್ಯದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡವರು. 1944ರಲ್ಲಿ ಗುರುಗಳು ತೀರಿಕೊಂಡ ಮೇಲೆ ತಾವು 2010ರಲ್ಲಿ ದೇಹವಿಡುವವರೆಗೂ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನಡೆಸಿ, ಅಂಧ ಅನಾಥ ಮಕ್ಕಳಿಗೆ ವಿದ್ಯೆ ಕಲಿಸಿದರು.

ಅವರಲ್ಲಿ ಅಸಾಧಾರಣ ಪ್ರತಿಭೆ ಇದ್ದಿತು, ಎಲ್ಲ ಅಂಗವಿಕಲರೂ ಗವಾಯಿಗಳಾಗುವರೇ ಎಂದು ಕೇಳುವವರುಂಟು. ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಗಟ್ಟಿಮುಟ್ಟಾದ ಹಿರಿಯ ಮಗನ ಇಂಜಿನಿಯರಿಂಗ್ ಓದಿಗಾಗಿ ಹೊಲವನ್ನು ಒತ್ತೆಯಿಡುವ ತಂದೆಯು ಅವನಲ್ಲಿ ಪ್ರತಿಭೆ ಇದೆಯೇ ಎಂದು ವಿಚಾರಿಸುವುದಿಲ್ಲ. ಕಾಲು ಸೋತ ಕಿರಿಯ ಮಗನ ವಿಷಯದಲ್ಲಿ ಮಾತ್ರ, ಖರ್ಚು ಮಾಡಿ ಫಲವೇನು ಎಂಬ ಲೆಕ್ಕ ಹುಟ್ಟುತ್ತದೆ. ಮಗಳಾದರಂತೂ ಆ ಲೆಕ್ಕವನ್ನು ಬಾಯಿ ಬಿಟ್ಟು ಹೇಳುವುದೂ ಇಲ್ಲ. ಒಬ್ಬನಿಗೆ ಸಾಮಾನ್ಯನಾಗಿರುವ ಹಕ್ಕನ್ನು ಕೊಟ್ಟು, ಇನ್ನೊಬ್ಬನಿಗೆ ಅಸಾಮಾನ್ಯನಾದರೆ ಮಾತ್ರ ಸಹಾಯವೆನ್ನುವುದು ಯಾವ ನ್ಯಾಯ?

2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಶೇಕಡ 40 ಮತ್ತು ಅದಕ್ಕೆ ಮೇಲ್ಪಟ್ಟ ವೈಕಲ್ಯವುಳ್ಳ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣವನ್ನು ವಿಧಿಸಿದೆ. ಸಾಮಾಜಿಕ ಭದ್ರತೆಯ ಯೋಜನೆಗಳಲ್ಲಿ ಇತರರಿಗಿಂತ ಕನಿಷ್ಠ ಶೇಕಡ 25ರಷ್ಟು ಹೆಚ್ಚು ನೆರವು ಅವರಿಗೆ ಸಲ್ಲಬೇಕೆಂದೂ ಹೇಳಿದೆ. ಈ ಹೆಚ್ಚಳವು ಕರುಣೆಯಲ್ಲ, ಲೆಕ್ಕ. ಅದೇ ತರಗತಿಯ ಅದೇ ಬೆಂಚನ್ನು ಮುಟ್ಟಲು ಕಾಲಿಲ್ಲದವನಿಗೆ ಮೂರು ಗಾಲಿಯ ವಾಹನ ಬೇಕು, ಕೆಲವೊಮ್ಮೆ ಜೊತೆಗೊಬ್ಬ ಆಳು ಬೇಕು. ಆದರೆ ಉಚಿತ ಶಿಕ್ಷಣದ ಹಕ್ಕು ಮುಗಿಯುವ ಹದಿನೆಂಟನೆಯ ವಯಸ್ಸಿನಲ್ಲಿಯೇ ಕಾಲೇಜಿನ ಫೀ, ವಸತಿ, ಕಸುಬಿನ ಉಪಕರಣ ಎಂದು ವೆಚ್ಚಗಳು ಬೆಳೆಯತೊಡಗುತ್ತವೆ. ಕೇಂದ್ರ ಸರಕಾರದ ಇಂದಿರಾ ಗಾಂಧಿ ಅಂಗವಿಕಲ ಮಾಸಾಶನವು ಆ ವಯಸ್ಸಿನಿಂದ ದೊರೆಯುವುದಾದರೂ, ಅದು ಶೇಕಡ 80ರ ವೈಕಲ್ಯವನ್ನು ಬೇಡುತ್ತದೆ. ಕರ್ನಾಟಕದ ಮಾಸಾಶನವು ಶೇಕಡ 40ರಿಂದಲೇ ಆರಂಭವಾಗುವುದು ಮೆಚ್ಚತಕ್ಕದ್ದು. ಆದರೂ ಅದು ತಿಂಗಳ ಉಪಜೀವನದ ನೆರವೇ ಹೊರತು ಬದುಕು ಹೂಡುವ ಬಂಡವಾಳವಲ್ಲ.

ಹಣವು ಎಷ್ಟು ಎಂಬುದರ ಜೊತೆಗೆ, ಅದು ಯಾರ ಕೈಗೆ ಎಂಬ ಪ್ರಶ್ನೆಯೂ ಇದೆ. ಇದಕ್ಕೆ ಉತ್ತರ ಕೊಡಬೇಕಾದುದು ಸರಕಾರವಲ್ಲ, ಮನೆ. ಮಾಸಾಶನದ ಪಾಸ್‌ಬುಕ್ಕು ಹಿರಿಯರ ಪೆಟ್ಟಿಗೆಯಲ್ಲಿ ಉಳಿದರೆ ಇಪ್ಪತ್ತು ವರ್ಷದ ತರುಣನು ಬಾಲಕನಾಗಿಯೇ ಉಳಿಯುತ್ತಾನೆ. ಅವನಿಗೆ ಲೋಕಜ್ಞಾನ ಸಾಲದು, ಹಣ ಪೋಲಾದೀತು ಎಂಬುದು ಹಿರಿಯರ ಅಂಜಿಕೆ. ಪೋಲಾಗಲೂಬಹುದು. ಅವನು ಹೊಲಿಗೆಯಂತ್ರವನ್ನು ಕೊಳ್ಳಬಹುದು, ಹಾವೇರಿಗೆ ಹೋಗಿ ಓದಬಹುದು, ಒಂದು ತಿಂಗಳ ಹಣವನ್ನು ಗೆಳೆಯರೊಡನೆ ಕಳೆದು ಮರುತಿಂಗಳು ಪರಿತಪಿಸಬಹುದು. ಕಾಲು ಗಟ್ಟಿಯಿರುವ ಅಣ್ಣನಿಗೆ ಈ ಮೂರೂ ಎಂದೋ ದೊರೆತಿವೆ, ಯಾರ ಅಪ್ಪಣೆಯೂ ಇಲ್ಲದೆ.