ಗಿರಣಿಯಲ್ಲಿ ದೀಪ

ಇಳಕಲ್ಲಿನ ನಮ್ಮ ಮನೆಯಲ್ಲಿ ಮಗ್ಗದ ಪಕ್ಕ ಕೂತು ಅಜ್ಜಿ ಕಂಡಿಕೆ ಸುತ್ತುತ್ತಿದ್ದಳು. ಎಳೆ ಕಡಿದಾಗೆಲ್ಲ ಬೈಗುಳ ಸಮುದ್ರ ದಾಟುತ್ತಿತ್ತು: "ಮ್ಯಾಂಚೆಸ್ಟರಿನವ್ರು ನಮ್ಮ ಅನ್ನ ಕಸ್ಕೊಂಡ್ರು. ಅವ್ರ ಮನ್ಯಾಗ ದೀಪಾ ಹಚ್ಚವ್ರು ಇಲ್ದಂಗಾಗ್ಲಿ."

ಶಾಪ ಫಲಿಸಿತ್ತು. ಮ್ಯಾಂಚೆಸ್ಟರಿನ ಆಂಕೋಟ್ಸ್‌ನಲ್ಲಿ 1798ರಲ್ಲಿ ಸ್ಕಾಟ್ಲೆಂಡಿನ ಮರ್ರೇ ಸಹೋದರರು ಕಟ್ಟಿಸತೊಡಗಿದ ಉಗಿಗಿರಣಿಗಳು ಬಹುಕಾಲ ಹಾಳುಬಿದ್ದಿದ್ದವು. ಈಗ ಅವು ಮನೆಗಳಾಗಿವೆ. ಹಿಂದೆ ಸೇಂಟ್ ಪೀಟರ್ಸ್ ಚರ್ಚಾಗಿದ್ದ ಪಕ್ಕದ ಕಟ್ಟಡದಲ್ಲಿ ಹ್ಯಾಲೆ ವಾದ್ಯವೃಂದ ತಾಲೀಮು ನಡೆಸುತ್ತದೆ. ದೇವರಿಗೇನೂ ಬೇಸರವಾಗಿರಲಿಕ್ಕಿಲ್ಲ. ಗಿರಣಿಯ ಒಂದು ಮನೆಯಲ್ಲಿ ಸಂಜೆ ದೀಪ ಹಚ್ಚುವವಳು ನನ್ನ ಮಗಳು, ಅದೇ ಅಜ್ಜಿಯ ಮರಿಮಗಳು.

ಅವಳ ಅಡುಗೆಮನೆಯ ನಡುವೆ ಎರಕದ ಕಬ್ಬಿಣದ ಕಂಬವಿದೆ. ಅದಕ್ಕೆ ಬೆನ್ನು ಕೊಟ್ಟು ಚಹಾ ಕುಡಿಯುತ್ತ ಅಜ್ಜಿಯ ಸಿಟ್ಟನ್ನು ತಂದುಕೊಳ್ಳಲು ನೋಡಿದೆ. ಯಾರ ಮೇಲೆ? ಇಲ್ಲಿಗೆ ಬರುತ್ತಿದ್ದ ಅಮೆರಿಕದ ಹತ್ತಿ ಬಿಡಿಸಿದವರು ಗುಲಾಮರು. ಬ್ರಿಟನ್ನಿನ 1833ರ ಕಾರ್ಖಾನೆ ಕಾಯ್ದೆ ಒಂಬತ್ತು ತುಂಬದ ಮಕ್ಕಳನ್ನು ಇಂಥ ಗಿರಣಿಗಳಿಂದ ಬಿಡಿಸಿತು. ಅಂದರೆ ಒಂಬತ್ತಾದವರು ಒಳಗೇ ಉಳಿದರು.

ಆಮೇಲೆ ಹೊಳೆಯಿತು: ಇದು ನೂಲಿನ ಗಿರಣಿ. ಈ ಲ್ಯಾಂಕಾಶೈರ್ ಸೀಮೆಯ ಬಟ್ಟೆ ನಮ್ಮ ನೇಕಾರರನ್ನು ಹೊಡೆದದ್ದು ಸುಳ್ಳಲ್ಲ. ಆದರೆ ಅಲ್ಲಿಯ ಅಗ್ಗದ ನೂಲು ನಮ್ಮ ದೇಶದ ಮಗ್ಗಗಳಿಗೂ ಬಂತು, ಎಷ್ಟೋ ಮಗ್ಗ ಉಳಿದದ್ದು ಅದರಿಂದಲೇ. ಪೂರ್ತಿ ಮುಳುಗಿದವರು ರಾಟಿ ತಿರುಗಿಸಿ ಉಪ್ಪು-ಎಣ್ಣೆಗೆ ಕಾಸು ಮಾಡಿಕೊಳ್ಳುತ್ತಿದ್ದ ಹೆಂಗಸರು. ಅವರಲ್ಲಿ ವಿಧವೆಯರೂ ಇದ್ದರು. ಅವರ ಅನ್ನ ಹೋದ ಮೇಲೆ ನಮ್ಮ ಮಗ್ಗ ಆಡಿತು.

ವಚನಕಾರ ದೇವರ ದಾಸಿಮಯ್ಯ ನೇಕಾರನೆಂದು ನಮಗೆ ಹೆಮ್ಮೆ. ಕಾಯಕ ಶುದ್ಧವಾಗಿರಬೇಕು ಅನ್ನುವ ಶರಣರ ಮಾತು ನನ್ನ ಎರಡು ಕೈಗಳಿಗಷ್ಟೇ ಸಂಬಂಧಿಸಿದ್ದೋ, ಎಳೆಯ ಇನ್ನೊಂದು ತುದಿಯಲ್ಲಿ ಉಪವಾಸ ಬಿದ್ದವರಿಗೂ ಸಂಬಂಧಿಸಿದ್ದೋ? ಎರಡನೆಯದೇ ಎಂದು ನನ್ನ ಅನಿಸಿಕೆ. ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ಎಳೆಗೆ ಎಳೆ ಸಿಕ್ಕಿಸಿ ಕೊಂಡಿ ಹಾಕುತ್ತೇವೆ. ಒಂದು ತಪ್ಪಿದರೂ ನೇಕಾರನ ಕಣ್ಣಿಗೆ ಬೀಳುತ್ತದೆ. ಈ ಕೊಂಡಿ ಮಾತ್ರ ನಮ್ಮ ಮನೆಯಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಪ್ರತಿ ಮಹಾನವಮಿಗೂ ನಮ್ಮ ಮಗ್ಗಕ್ಕೆ ಕುಂಕುಮ ಹಚ್ಚುತ್ತೇವೆ. ಅಟ್ಟದ ಮೇಲಿದ್ದ ನೂಲುವ ರಾಟಿಯನ್ನು, ನಾನು ಹುಟ್ಟುವ ಮೊದಲೇ, ಒಂದು ಮಳೆಗಾಲ ಅಜ್ಜಿ ಬಚ್ಚಲ ಒಲೆಗೆ ಹಾಕಿದ್ದಳಂತೆ.